ನಾಟಕವೂ ಬೇಕು, ಕೋಡಿಂಗೂ ಬೇಕು: ಕೊಡಗಿನಿಂದ ಗೇಮ್ ಡಿಸೈನ್‌ಗೆ ಹೋಗುವ ದಾರಿ

ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೀರಿ, ಸಂಜೆ ನಾಟಕದ ರಿಹರ್ಸಲ್‌ಗೂ ಹೋಗುತ್ತೀರಿ ಅಂದರೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ. ‘ಎರಡರಲ್ಲಿ ಒಂದು ಬಿಡು.’ ಬಿಡಬೇಡಿ. ಎರಡನ್ನೂ ಒಟ್ಟಿಗೆ ಕೇಳುವ ಕೆಲಸ ಒಂದಿದೆ. ಅದು ಗೇಮ್ ಡಿಸೈನ್.

ಮಡಿಕೇರಿ ದಸರಾದ ದಶಮಂಟಪ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೀದಿಗೆ ಬರುತ್ತವೆ. ಒಂದೊಂದರಲ್ಲೂ ಪುರಾಣದ ಒಂದು ಪ್ರಸಂಗ. ಚಲಿಸುವ ಬೊಂಬೆಗಳು, ಬೆಳಕು, ಧ್ವನಿ, ಹೊಗೆ. ರಾಕ್ಷಸ ತಲೆ ಎತ್ತುವ ಗಳಿಗೆಗೆ ಸರಿಯಾಗಿ ಸದ್ದು ಏಳಬೇಕು, ಬೆಳಕು ಬದಲಾಗಬೇಕು. ಕಥೆ ಹೊಸೆಯುವವರೂ ಮೋಟಾರ್ ಜೋಡಿಸುವವರೂ ಜೊತೆಯಲ್ಲೇ ಕೂತು ಕೆಲಸ ಮಾಡದಿದ್ದರೆ ಇದು ಆಗುವುದೇ ಇಲ್ಲ. ಗೇಮ್ ಸ್ಟುಡಿಯೋದಲ್ಲೂ ನಡೆಯುವುದು ಇದೇ. ವ್ಯತ್ಯಾಸ ಒಂದು. ಮಂಟಪದ ರಾಕ್ಷಸ ಯಾರು ನೋಡಿದರೂ ಒಂದೇ ಹೊತ್ತಿಗೆ ಏಳುತ್ತಾನೆ. ಗೇಮ್‌ನ ರಾಕ್ಷಸ ನೀವು ಹತ್ತಿರ ಹೋಗುವವರೆಗೂ ಕಾಯುತ್ತಾನೆ. ಹಿಂದಿನಿಂದ ಹೋದರೆ ಒಂದು ಥರ, ಮುಂದಿನಿಂದ ಹೋದರೆ ಇನ್ನೊಂದು ಥರ ವರ್ತಿಸುತ್ತಾನೆ.

ಅಂದರೆ ಗೇಮ್‌ನಲ್ಲಿ ಆಟಗಾರರೇ ನಟರು. ಸ್ಕ್ರಿಪ್ಟ್ ಓದದ, ರಿಹರ್ಸಲ್ ಮಾಡದ ನಟರು. ಅವರು ಯಾರೂ ಹೇಳಿಕೊಡದೆ, ಸರಿಯಾದ ಹೊತ್ತಿಗೆ, ತಮ್ಮದೇ ಮನಸ್ಸಿನಿಂದ ಒಂದು ಕೆಲಸಕ್ಕೆ ಕೈ ಹಾಕುವಂತೆ ರಂಗ ಸಜ್ಜು ಮಾಡುವುದು ಡಿಸೈನರ್ ಕೆಲಸ. ಸನ್ನಿವೇಶ ಕಟ್ಟುವುದನ್ನು ನಾಟಕ ಕಲಿಸುತ್ತದೆ. ಆ ಸನ್ನಿವೇಶ ಆಟಗಾರರಿಗೆ ಉತ್ತರ ಕೊಡುವಂತೆ ಮಾಡುವುದನ್ನು ಕಂಪ್ಯೂಟರ್ ಕಲಿಸುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಇದು ಹೊಸ ಜೋಡಿಯೇನಲ್ಲ. ಅಮೆರಿಕದ ಬ್ರೆಂಡಾ ಲಾರೆಲ್ ರಂಗಭೂಮಿಯಲ್ಲಿ ಪಿಎಚ್‌ಡಿ ಮಾಡಿದವರು. 1980ರ ದಶಕದಲ್ಲಿ ವಿಡಿಯೋ ಗೇಮ್ ಮಾಡುವ ಅಟಾರಿ ಕಂಪನಿಯಲ್ಲಿ ಕೆಲಸ ಮಾಡಿದರು. ಕಂಪ್ಯೂಟರನ್ನು ರಂಗಭೂಮಿಯ ಕಣ್ಣಿನಿಂದ ನೋಡಬೇಕು ಎಂದು ಆ ಕಾಲದಲ್ಲೇ ವಾದಿಸಿದರು.

ಹೆಜ್ಜೆ 1: ಯಾವ ಕೆಲಸಕ್ಕೆ ಗುರಿ ಇಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಗೇಮ್ ಡಿಸೈನರ್ ಅಂದರೆ ಚಿತ್ರ ಬಿಡಿಸುವವರು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಚಿತ್ರ ಬಿಡಿಸುವವರು ಆರ್ಟಿಸ್ಟ್. ಕೋಡ್ ಬರೆಯುವವರು ಪ್ರೋಗ್ರಾಮರ್. ಆಟದ ನಿಯಮ ಏನು, ಸೋಲು ಯಾವುದು, ಆಟಗಾರರು ಈಗ ಏನು ನೋಡಬೇಕು, ಮುಂದೆ ಏನು ಬಯಸಬೇಕು ಅಂತ ತೀರ್ಮಾನಿಸುವವರು ಡಿಸೈನರ್.

ಇದರಲ್ಲೂ ಒಳಗವಲುಗಳಿವೆ. ಲೆವೆಲ್ ಡಿಸೈನರ್ ಜಾಗ ಕಟ್ಟುತ್ತಾರೆ. ಸಿಸ್ಟಂ ಡಿಸೈನರ್ ಲೆಕ್ಕ ಕಟ್ಟುತ್ತಾರೆ: ಎಷ್ಟು ಪೆಟ್ಟು ಬಿದ್ದರೆ ಎಷ್ಟು ಜೀವ ಹೋಗಬೇಕು, ಎಷ್ಟು ನಾಣ್ಯಕ್ಕೆ ಏನು ಸಿಗಬೇಕು. ನರೇಟಿವ್ ಡಿಸೈನರ್ ಕಥೆಯನ್ನು ಆಟದ ಒಳಗೆ ಹಾಯಿಸುತ್ತಾರೆ. ಟೆಕ್ನಿಕಲ್ ಡಿಸೈನರ್ ಡಿಸೈನ್‌ಗೂ ಕೋಡ್‌ಗೂ ನಡುವೆ ನಿಂತು, ಹೊಸ ಯೋಚನೆಯನ್ನು ಬೇಗ ಆಡಿ ನೋಡುವಂತೆ ಮಾಡುತ್ತಾರೆ. ನಾಟಕ, ಕಂಪ್ಯೂಟರ್ ಎರಡೂ ಬಲ್ಲವರು ಕಡೆಯ ಎರಡರ ಮೇಲೆ ಕಣ್ಣಿಡಿ. ಸಂಭಾಷಣೆ ಬರೆದು, ಅದನ್ನು ತಾನೇ ಎಂಜಿನ್‌ಗೆ (ಆಟ ಕಟ್ಟುವ ಸಾಫ್ಟ್‌ವೇರ್‌ಗೆ) ಹಾಕಿ, ಓಡಿಸಿ ತೋರಿಸಬಲ್ಲವರು ಸಣ್ಣ ತಂಡಗಳಿಗೆ ತುಂಬ ಬೇಕಾದವರು.

ಹೆಜ್ಜೆ 2: ಸುತ್ತಲಿನ ಆಟಗಳನ್ನು ಬಿಚ್ಚಿ ನೋಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಸುಗ್ಗಿಯ ಹಬ್ಬ ಪುತ್ತರಿ ಸಮಯದ ಪರೆಯಕಳಿ ಆಟದಿಂದ ಶುರು ಮಾಡಿ. ಕೈಯಲ್ಲಿ ಬೆತ್ತ, ತಡೆಯಲು ಗುರಾಣಿ. ಪೆಟ್ಟು ಬೀಳಬೇಕಾದದ್ದು ಮೊಣಕಾಲಿನ ಕೆಳಗೆ ಮಾತ್ರ. ಈ ಒಂದು ನಿಯಮ ಏನೆಲ್ಲ ಮಾಡುತ್ತದೆ ನೋಡಿ. ಆಟ ಮಾರಕವಾಗುವುದನ್ನು ತಡೆಯುತ್ತದೆ. ಕಣ್ಣು ಎದುರಾಳಿಯ ಕಾಲಿನ ಮೇಲೆ ನೆಡುವಂತೆ ಮಾಡುತ್ತದೆ. ಹೆಜ್ಜೆಗಾರಿಕೆಯನ್ನು ಕುಣಿತದ ಹತ್ತಿರ ತರುತ್ತದೆ. ಈಗ ಗುರಾಣಿ ತೆಗೆದುಬಿಟ್ಟರೆ ಆಟ ಹೇಗೆ ಬದಲಾಗುತ್ತದೆ ಅಂತ ಬರೆಯಿರಿ. ಪೆಟ್ಟು ಸೊಂಟದವರೆಗೂ ಬೀಳಬಹುದು ಅಂದರೆ? ಒಂದು ನಿಯಮ ಬದಲಿಸಿ ಅದರ ಪರಿಣಾಮವನ್ನು ಮೊದಲೇ ಊಹಿಸುವುದು ಈ ವೃತ್ತಿಯ ಮೂಲ ಕಸುಬು.

ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನೂ ಹೀಗೇ ನೋಡಿ. ಆಟ ಕಲಿಯಲು ಒಂದು ಕ್ಷಣ ಸಾಕು. ಗೆಲ್ಲಲು ವರ್ಷಗಟ್ಟಲೆ ಅಭ್ಯಾಸ ಬೇಕು. ಫಲಿತಾಂಶ ದೂರದಲ್ಲಿ ನಿಂತವರಿಗೂ ಕಾಣುತ್ತದೆ, ಕೇಳುತ್ತದೆ. ಬೋಡ್ ನಮ್ಮೆಯಲ್ಲಿ ವೇಷ ಹಾಕಿಕೊಂಡು ಮನೆ ಮನೆಗೆ ಹೋಗುವವರನ್ನು ಗಮನಿಸಿ. ಬಾಗಿಲು ತೆರೆದವರ ಮುಖ ನೋಡಿ ಅವರು ಆಟ ಬದಲಿಸುತ್ತಾರೆ. ಎದುರಿನವರು ಏನು ಮಾಡುತ್ತಾರೋ ಅದಕ್ಕೆ ತಕ್ಕ ಉತ್ತರ ಕೊಡುವ ಈ ಚುರುಕು ಎಷ್ಟೋ ದುಬಾರಿ ವಿಡಿಯೋ ಗೇಮ್‌ಗಳ ಪಾತ್ರಗಳಲ್ಲಿ ಇರುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಊರಿನ ಆಚರಣೆಯಿಂದ ಆಟದ ನಡೆ, ಲಯ, ನಿಯಮ ಕಲಿಯಿರಿ. ಆದರೆ ತೆರೆ ಕಟ್ಟುವ ದೈವವನ್ನು ಎತ್ತಿಕೊಂಡು ಗುಂಡು ಹೊಡೆಯುವ ಶತ್ರುವಾಗಿ ಮಾಡಬೇಡಿ. ಇಲ್ಲಿನ ಬುಡಕಟ್ಟು ಜನರಾದ ಯರವರ ಅಥವಾ ಕುರುಬರ ಹಾಡು, ಕಥೆ ಬಳಸುವುದಾದರೆ ಆ ಜನರ ಹತ್ತಿರ ಕೂತು ಕೇಳಿ, ಒಪ್ಪಿಗೆ ಪಡೆದು, ಹೆಸರು ಕೊಟ್ಟು, ಹಣದಲ್ಲೂ ಪಾಲು ಕೊಡಿ.

ಹೆಜ್ಜೆ 3: ನಾಟಕ ಕಲಿಯಿರಿ, ನಟನೆಯ ಆಚೆಗೂ

ನಾಟಕ ಅಂದ ತಕ್ಷಣ ಎಲ್ಲರೂ ನಟನೆಗೆ ಓಡುತ್ತಾರೆ. ನಟನೆ ಬೇಕು. ಅದರಲ್ಲೂ ಎರಡು ವಿಷಯ ಬೇಕೇ ಬೇಕು. ಒಂದು, ಪಾತ್ರಕ್ಕೆ ಈ ಗಳಿಗೆಯಲ್ಲಿ ಏನು ಬೇಕು, ಅದಕ್ಕೆ ಏನು ಅಡ್ಡ ಬರುತ್ತಿದೆ ಅಂತ ಹುಡುಕುವುದು. ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿದ್ದು ಇದನ್ನೇ. ಗೇಮ್‌ನಲ್ಲಿ ಪಾತ್ರದ ಜಾಗದಲ್ಲಿ ಆಟಗಾರರನ್ನು ಇಟ್ಟು ಇದೇ ಪ್ರಶ್ನೆ ಕೇಳಬೇಕು. ಎರಡು, ಇಂಪ್ರೊವೈಸೇಷನ್. ಎದುರಿನವರು ಕೊಟ್ಟದ್ದನ್ನು ತಳ್ಳಿಹಾಕದೆ, ತೆಗೆದುಕೊಂಡು ಬೆಳೆಸುವುದು.

ಆದರೆ ನನ್ನ ಅನಿಸಿಕೆಯಲ್ಲಿ ಗೇಮ್ ಡಿಸೈನರ್‌ಗೆ ಜಾಸ್ತಿ ಉಪಯೋಗಕ್ಕೆ ಬರುವುದು ರಂಗದ ಹಿಂದಿನ ಕೆಲಸ. ಒಂದು ನಾಟಕಕ್ಕಾದರೂ ಸ್ಟೇಜ್ ಮ್ಯಾನೇಜರ್ ಆಗಿ. ಕ್ಯೂ ಶೀಟ್ ಬರೆಯಿರಿ. ‘ರಾಣಿ ಪತ್ರ ಹರಿದಾಗ ಎಡಗಡೆ ಬೆಳಕು ಆರಬೇಕು, ಎರಡು ಸೆಕೆಂಡ್ ಬಿಟ್ಟು ಗುಡುಗು.’ ಇದು ಆಗಲೇ ಒಂದು ಪ್ರೋಗ್ರಾಂ. ಒಂದು ಘಟನೆ ಆದರೆ ಇನ್ನೊಂದು ಆಗಬೇಕು, ಇಷ್ಟು ಹೊತ್ತು ಬಿಟ್ಟು ಆಗಬೇಕು. ಎಂಜಿನ್‌ನಲ್ಲಿ ಸಿಗ್ನಲ್, ಟೈಮರ್, ಟ್ರಿಗರ್ ಅಂತ ಕರೆಯುವುದು ಇದನ್ನೇ. ಬೆಳಕಿನ ವಿನ್ಯಾಸ ಕಲಿತವರಿಗೆ ಆಟಗಾರರ ಕಣ್ಣನ್ನು ಬಾಣದ ಗುರುತು ಹಾಕದೆ ಬಾಗಿಲಿನ ಕಡೆ ತಿರುಗಿಸುವುದು ಗೊತ್ತಿರುತ್ತದೆ. ಕತ್ತಲಲ್ಲಿ ಒಂದೇ ದೀಪ ಇಟ್ಟರೆ ಜನ ಅಲ್ಲಿಗೇ ಹೋಗುತ್ತಾರೆ. ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು ಎಂಬ ಬ್ಲಾಕಿಂಗ್ ಕಲಿತವರು ಲೆವೆಲ್ ಡಿಸೈನ್‌ನ ಅರ್ಧ ದಾರಿ ಬಂದಿರುತ್ತಾರೆ.

ಬ್ರೆಜಿಲ್‌ನ ಆಗಸ್ಟೊ ಬೋಲ್ ಬೆಳೆಸಿದ ಫೋರಂ ಥಿಯೇಟರ್ ಬಗ್ಗೆ ತಿಳಿದುಕೊಳ್ಳಿ. ಅನ್ಯಾಯದ ಒಂದು ದೃಶ್ಯ ನಡೆಯುತ್ತದೆ. ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಅನ್ನಬಹುದು. ಅವರೇ ರಂಗಕ್ಕೆ ಬಂದು ಬೇರೆ ದಾರಿ ಆಡಿ ತೋರಿಸಬಹುದು. ಉಳಿದ ನಟರು ಅದಕ್ಕೆ ತಕ್ಕಂತೆ ಪ್ರತಿಕ್ರಿಯಿಸಬೇಕು. ಗೆಳೆಯರ ಜೊತೆ ಒಮ್ಮೆ ಮಾಡಿ ನೋಡಿ. ಆಟಗಾರರ ಕೈಗೆ ಆಯ್ಕೆ ಕೊಡುವುದು ಎಷ್ಟು ಕಷ್ಟ, ಎಷ್ಟು ರೋಮಾಂಚಕ ಅಂತ ಮೈಗೇ ತಿಳಿಯುತ್ತದೆ.

ಎಲ್ಲಿ ಕಲಿಯುವುದು? ಕಾಲೇಜಿನ ತಂಡ, ಊರಿನ ಹವ್ಯಾಸಿ ತಂಡದಿಂದ ಶುರು ಮಾಡಿ. ಕೊಡಗಿನಲ್ಲಿ ನಾಟಕದ ಬೇರು ಆಳದಲ್ಲಿದೆ. ಹರದಾಸ ಅಪ್ಪಚ್ಚ ಕವಿ 20ನೇ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ನಾಟಕ ಬರೆದರು. ಗಟ್ಟಿ ತರಬೇತಿ ಬೇಕಾದರೆ ಹೆಗ್ಗೋಡಿನ ನೀನಾಸಮ್ ಇದೆ. ಅದರ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು. ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಇದ್ದು ಕಲಿಯಬೇಕು. ನಮಗೆ ಹತ್ತಿರವಾದದ್ದು ಮೈಸೂರಿನ ರಂಗಾಯಣ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ. ಅದರ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲೂ ಡಿಪ್ಲೊಮಾ ಇದೆ. ಡಿಗ್ರಿ ಮುಗಿಸಿ ಒಂದು ವರ್ಷ ಇಲ್ಲಿಗೆ ಕೊಟ್ಟರೆ ಆ ವರ್ಷ ಹಾಳಾಯಿತು ಅಂತ ಅಂದುಕೊಳ್ಳಬೇಡಿ. ನೂರಾರು ಕಂಪ್ಯೂಟರ್ ಪದವೀಧರರ ಅರ್ಜಿಗಳ ನಡುವೆ ನಿಮ್ಮದು ಬೇರೆಯಾಗಿ ಕಾಣುವುದು ಆ ಒಂದು ವರ್ಷದಿಂದಲೇ.

ಹೆಜ್ಜೆ 4: ಕಂಪ್ಯೂಟರ್ ಕಡೆಯ ತಯಾರಿ

ಪಿಯುಸಿ ವಿಜ್ಞಾನ ಮಾಡಿ ಸಿಇಟಿ ಬರೆದವರಿಗೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಜಿಲ್ಲೆಯಲ್ಲೇ ಇವೆ. ಬಿಸಿಎ ಮಾಡಿದರೂ ಸಾಕು. ಕಲಾ ವಿಭಾಗದವರೂ ಪ್ರೋಗ್ರಾಮಿಂಗ್ ಕಲಿಯಬಹುದು. ಡಿಗ್ರಿಯ ಹೆಸರಿಗಿಂತ ನೀವು ಮುಗಿಸಿದ ಆಟಗಳನ್ನು ಸ್ಟುಡಿಯೋಗಳು ಜಾಸ್ತಿ ನೋಡುತ್ತವೆ.

ಎಂಜಿನ್ ವಿಷಯಕ್ಕೆ ಬರೋಣ. ಮೂರು ಹೆಸರು ಕೇಳಿರುತ್ತೀರಿ. ಅನ್‌ರಿಯಲ್, ಯೂನಿಟಿ, ಗೊಡೊ. ಅನ್‌ರಿಯಲ್‌ಗೆ ಬಲವಾದ ಕಂಪ್ಯೂಟರ್ ಬೇಕು. ಯೂನಿಟಿ ಭಾರತದ ಮೊಬೈಲ್ ಸ್ಟುಡಿಯೋಗಳಲ್ಲಿ ತುಂಬ ಬಳಕೆಯಲ್ಲಿದೆ, ಅದರ ಭಾಷೆ ಸಿ ಶಾರ್ಪ್. ಗೊಡೊ ಪೂರ್ತಿ ಉಚಿತ, ಅದರ ಮೂಲ ಕೋಡ್ 2014ರಿಂದ ಎಲ್ಲರಿಗೂ ತೆರೆದಿದೆ. ಚಿಕ್ಕ ಫೈಲ್, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್, ಕರೆಂಟ್ ಕೈಕೊಡುವ ಊರಿನವರು ಗೊಡೊದಿಂದ ಶುರು ಮಾಡಿ. ಕೆಲಸಕ್ಕೆ ಅರ್ಜಿ ಹಾಕುವ ಹಿಂದಿನ ವರ್ಷ ಯೂನಿಟಿ ಕಲಿಯಿರಿ. ಒಂದು ಗೊತ್ತಿದ್ದರೆ ಇನ್ನೊಂದು ಬೇಗ ಬರುತ್ತದೆ.

ಗೊಡೊ ಹೇಳಲು ಇನ್ನೊಂದು ಕಾರಣ ಕನ್ನಡ. ಗೊಡೊ 4ರಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಯೂನಿಟಿಯಲ್ಲಿ ಬಹುಕಾಲದಿಂದ ಎಲ್ಲರೂ ಬಳಸುವ, ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಒತ್ತುಗಳು ಚೆದುರಿ ಹೋಗುತ್ತವೆ, ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಯಾವ ಎಂಜಿನ್ ಆದರೂ ಮೊದಲ ದಿನವೇ ‘ರಾಷ್ಟ್ರ’, ‘ಸ್ತ್ರೀ’ ಅಂತ ಬರೆದು ನೋಡಿ. ಪಠ್ಯವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಎಂಜಿನ್ ಒಳಗೆ ಗೋಜಲಾಗುತ್ತದೆ.

ಕಲಿಯಬೇಕಾದ್ದು ಇಷ್ಟು: ವೇರಿಯಬಲ್, ಷರತ್ತು, ಲೂಪ್, ಫಂಕ್ಷನ್. ಆಮೇಲೆ ವೆಕ್ಟರ್, ಸ್ವಲ್ಪ ತ್ರಿಕೋನಮಿತಿ, ಸಂಭವನೀಯತೆ. ಆಮೇಲೆ ಸ್ಟೇಟ್ ಮೆಷಿನ್ (ಅದೇನು ಅಂತ ಮುಂದಿನ ಹೆಜ್ಜೆಯಲ್ಲಿ ನೋಡೋಣ). ಜೊತೆಗೆ ಗಿಟ್. ಗಿಟ್‌ನಲ್ಲಿ ನಿಮ್ಮ ಕೆಲಸದ ಪ್ರತಿ ಹಂತ ನಿಮ್ಮ ಯಂತ್ರದಲ್ಲೇ ದಾಖಲಾಗುತ್ತದೆ. ನೆಟ್‌ವರ್ಕ್ ಸಿಕ್ಕಾಗ ಮೇಲೆ ಕಳಿಸಿದರಾಯಿತು.

ಹೆಜ್ಜೆ 5: ಒಂದು ಸಣ್ಣ ಆಟವನ್ನು ಪೂರ್ತಿ ಮುಗಿಸಿ

ದೊಡ್ಡ ಕನಸಿನ ಆಟ ಈಗ ಬೇಡ. ಒಂದು ಪರದೆ, ಒಂದು ಸನ್ನಿವೇಶ, ಎರಡು ನಿಮಿಷದ ಆಟ. ಉದಾಹರಣೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಗಳಿಗೆ ತೆಗೆದುಕೊಳ್ಳೋಣ. ಕಣದಲ್ಲಿ ಕಾಫಿ ಒಣಗುತ್ತಿದೆ. ಅಕಾಲ ಮಳೆಯ ಮೋಡ ಬರುತ್ತಿದೆ.

ಮೊದಲು ಪೇಪರ್ ಮೇಲೆ. ಐದು ರಾಶಿ ಕಾಫಿ, ಎರಡು ಟಾರ್ಪಾಲ್, ಒಬ್ಬ ಆಟಗಾರ. ಕೆಲವು ರಾಶಿ ಚೆರ್ರಿ (ಹಣ್ಣಿನ ಸಮೇತ ಒಣಗಿಸುವ ಕಾಫಿ), ಕೆಲವು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವುದು). ಪಾರ್ಚ್‌ಮೆಂಟ್‌ಗೆ ಬೆಲೆ ಜಾಸ್ತಿ, ನೆನೆದರೆ ನಷ್ಟವೂ ಜಾಸ್ತಿ. ಒಂದು ರಾಶಿ ಇನ್ನೇನು ಒಣಗಿ ಮುಗಿದಿದೆ, ಇನ್ನೊಂದು ನಿನ್ನೆ ಹರಡಿದ್ದು. ಮುಚ್ಚಲು ಹೊತ್ತು ಹಿಡಿಯುತ್ತದೆ. ಬೀಜ ಒಟ್ಟುಗೂಡಿಸಿ ರಾಶಿ ಚಿಕ್ಕದು ಮಾಡಿದರೆ ಒಂದೇ ಟಾರ್ಪಾಲ್‌ಗೆ ಎರಡು ರಾಶಿ ಹಿಡಿಯುತ್ತವೆ, ಆದರೆ ಅದಕ್ಕೂ ಹೊತ್ತು ಬೇಕು. ನೋಡಿ, ಆಗಲೇ ಲೆಕ್ಕಾಚಾರ ಶುರುವಾಯಿತು. ಬಟನ್, ಕಡ್ಡಿ, ಚೂರು ಬಟ್ಟೆ ಇಟ್ಟುಕೊಂಡು ಮನೆಯವರ ಜೊತೆ ಆಡಿ. ಐದೂ ರಾಶಿ ಸುಲಭವಾಗಿ ಉಳಿಸಿಬಿಡಬಹುದು ಅಂದರೆ ಆಟ ಸಪ್ಪೆ. ಏನೂ ಉಳಿಸಲಾಗದಿದ್ದರೆ ಆಟ ಬೇಸರ.

ಈಗ ನಾಟಕ ತನ್ನಿ. ಮೂವತ್ತನೇ ಸೆಕೆಂಡಿಗೆ ಬೇಲಿಯ ಆಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗುತ್ತಾರೆ. ಅವರ ಕಣದಲ್ಲೂ ಕಾಫಿ ಇದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೋಗಬೇಕು ಅಂತ ಆಟ ಹೇಳುವುದಿಲ್ಲ. ಹೋದರೆ ಅಂಕವೂ ಇಲ್ಲ. ಆದರೆ ಮಳೆ ನಿಂತ ಮೇಲೆ ಅಜ್ಜಿ ಆಡುವ ಮಾತು ಮಾತ್ರ ಬೇರೆಯಾಗುತ್ತದೆ. ಲೆಕ್ಕದ ಆಟ ಈಗ ಮನುಷ್ಯರ ಆಟ ಆಯಿತು ಅಲ್ವಾ. ಆ ಮಾತು ಬರೆಯುವಾಗ ಗಟ್ಟಿಯಾಗಿ ಓದಿ ನೋಡಿ. ನಾಲಿಗೆಗೆ ಒಗ್ಗದ ಸಾಲು ಪರದೆಯ ಮೇಲೂ ಒಗ್ಗುವುದಿಲ್ಲ.

ಆಮೇಲೆ ಕೋಡ್. ಪ್ರತಿ ರಾಶಿಗೆ ನಾಲ್ಕು ಸ್ಥಿತಿ: ತೆರೆದಿದೆ, ಮುಚ್ಚಲಾಗುತ್ತಿದೆ, ಮುಚ್ಚಿದೆ, ನೆನೆದಿದೆ. ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದು ಅಂತ ಬಾಣ ಹಾಕಿ ಬರೆದುಕೊಳ್ಳಿ. ಇದೇ ಸ್ಟೇಟ್ ಮೆಷಿನ್. ಮಳೆಗೆ ಒಂದು ಕ್ಯೂ ಶೀಟ್ ಬರೆಯಿರಿ: ಮೊದಲು ಗಾಳಿಯ ಸದ್ದು, ಆಮೇಲೆ ಬಿಸಿಲು ಮಂಕಾಗುವುದು, ಆಮೇಲೆ ದೂರದ ಗುಡುಗು, ಆಮೇಲೆ ಮೊದಲ ಹನಿ. ಪರದೆಯ ಮೇಲೆ ಗಡಿಯಾರ ಇಡಬೇಡಿ. ಹೊತ್ತು ಎಷ್ಟು ಉಳಿದಿದೆ ಅಂತ ಆಕಾಶವೇ ಹೇಳಲಿ.

ಇನ್ನೊಂದು ಪ್ರಯೋಗವೂ ಮಾಡಿ. 2008ರಲ್ಲಿ ವಾಲ್ವ್ ಕಂಪನಿ ಹೊರತಂದ ಲೆಫ್ಟ್ 4 ಡೆಡ್ ಆಟದಲ್ಲಿ ‘ಡೈರೆಕ್ಟರ್’ ಎಂಬ ವ್ಯವಸ್ಥೆ ಇತ್ತು. ಆಟಗಾರರು ಎಷ್ಟು ಒತ್ತಡದಲ್ಲಿದ್ದಾರೆ ಅಂತ ಅಳೆದು, ಯಾವಾಗ ಶತ್ರುಗಳನ್ನು ಕಳಿಸಬೇಕು, ಯಾವಾಗ ಉಸಿರು ಬಿಡಲು ಬಿಡಬೇಕು ಅಂತ ಅದು ತೀರ್ಮಾನಿಸುತ್ತಿತ್ತು. ನಿಮ್ಮ ಮಳೆಗೂ ಒಬ್ಬ ನಿರ್ದೇಶಕನನ್ನು ಕೊಡಿ. ಆಟಗಾರರು ತುಂಬ ಹಿಂದೆ ಬಿದ್ದರೆ ಹನಿ ಸ್ವಲ್ಪ ತಡವಾಗಿ ಬೀಳಲಿ. ಅವರಿಗೆ ಅದು ಗೊತ್ತಾಗಬಾರದು.

ಹೆಜ್ಜೆ 6: ಆಡಿಸಿ, ಸುಮ್ನೆ ಕೂತು ನೋಡಿ

ಆಟವನ್ನು ಬೇರೆಯವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಳ್ಳಿ. ‘ಅಲ್ಲಿ ಒತ್ತಿ’ ಅನ್ನಬೇಡಿ. ನಟರಿಗೆ ರಂಗದ ಮೇಲೆ ನಿರ್ದೇಶಕರು ಸಹಾಯ ಮಾಡಲಾಗುವುದಿಲ್ಲ, ಹಾಗೇ ಇದೂ. ಕೈ ಎಲ್ಲಿ ನಿಂತಿತು, ಹುಬ್ಬು ಯಾವಾಗ ಗಂಟಿಕ್ಕಿತು, ಕುರ್ಚಿಯಲ್ಲಿ ಯಾವಾಗ ಮುಂದೆ ಬಾಗಿದರು ಅಂತ ಬರೆದುಕೊಳ್ಳಿ. ನಾಟಕದವರಿಗೆ ಪ್ರೇಕ್ಷಕರ ಮೈಭಾಷೆ ಓದುವುದು ಬರುತ್ತದೆ. ಈ ಹಂತದಲ್ಲಿ ಅದು ದೊಡ್ಡ ಬಲ.

ಆಡಿದ ಮೇಲೆ ‘ಚೆನ್ನಾಗಿತ್ತಾ’ ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. ‘ಇಲ್ಲಿ ಏನು ಮಾಡಬೇಕು ಅನ್ನಿಸಿತು? ಅಜ್ಜಿ ಕೂಗಿದ್ದು ಕೇಳಿಸಿತಾ? ಯಾಕೆ ಹೋಗಲಿಲ್ಲ?’ ಅಂತ ಕೇಳಿ. ಗೇಮ್ ಆಡಿ ಗೊತ್ತೇ ಇಲ್ಲದವರಿಗೂ ಕೊಡಿ. ಮೊದಲ ಸುತ್ತಿಗೆ ನಾಲ್ಕೈದು ಜನ ಸಾಕು. ತಿದ್ದಿ, ಬೇರೆಯವರಿಗೆ ಕೊಡಿ.

ಹೆಜ್ಜೆ 7: ಜಾಮ್, ಪೋರ್ಟ್‌ಫೋಲಿಯೋ

ಗೇಮ್ ಜಾಮ್ ಅಂದರೆ ಎರಡು ಮೂರು ದಿನದಲ್ಲಿ ಕೊಟ್ಟ ವಿಷಯದ ಮೇಲೆ ಆಟ ಮಾಡುವ ಕೂಟ. ಗ್ಲೋಬಲ್ ಗೇಮ್ ಜಾಮ್ 2009ರಿಂದ ಪ್ರತಿ ವರ್ಷ ಆರಂಭದಲ್ಲಿ ನಡೆಯುತ್ತಿದೆ. ಮನೆಯಿಂದಲೇ ಸೇರುವ ಜಾಮ್‌ಗಳು ಇಚ್ ಡಾಟ್ ಐಒ ತಾಣದಲ್ಲಿ ವರ್ಷವಿಡೀ ಇರುತ್ತವೆ. ಅಪರಿಚಿತರ ತಂಡ ಸೇರಿ. ನಾಟಕದ ತಂಡದಲ್ಲಿ ಕಲಿತ ಹೊಂದಾಣಿಕೆ ಅಲ್ಲಿ ಕೈ ಹಿಡಿಯುತ್ತದೆ.

ಪೋರ್ಟ್‌ಫೋಲಿಯೋಗೆ, ಅಂದರೆ ನಿಮ್ಮ ಕೆಲಸ ತೋರಿಸುವ ಸಂಗ್ರಹಕ್ಕೆ, ಮೂರು ಆಟ ಸಾಕು, ಆದರೆ ಮೂರೂ ಮುಗಿದಿರಬೇಕು. ಪ್ರತಿ ಆಟಕ್ಕೆ ಆಡಲು ಲಿಂಕ್, ಒಂದು ನಿಮಿಷದ ವಿಡಿಯೋ, ಒಂದು ಪುಟ ಬರಹ. ಆ ಪುಟದಲ್ಲಿ ಮೊದಲು ಏನು ಯೋಚಿಸಿದ್ದಿರಿ, ಆಡಿಸಿದಾಗ ಏನು ಕಂಡಿತು, ಏನು ಬದಲಿಸಿದಿರಿ ಅಂತ ಬರೆಯಿರಿ. ನಾಟಕದ ಅನುಭವವನ್ನು ‘ಹವ್ಯಾಸ’ ಅಂತ ಕೊನೆಯ ಸಾಲಿಗೆ ತಳ್ಳಬೇಡಿ. ‘ಇಂಥ ನಾಟಕಕ್ಕೆ ಬೆಳಕಿನ ಕ್ಯೂ ಬರೆದೆ, ಅದೇ ಕ್ರಮವನ್ನು ಈ ಆಟದ ಮಳೆಗೆ ಬಳಸಿದೆ’ ಅಂತ ಮುಂದೆ ತನ್ನಿ. ತಂಡದ ಆಟ ಆದರೆ ನಿಮ್ಮ ಪಾಲು ಯಾವುದು ಅಂತ ಸ್ಪಷ್ಟವಾಗಿ ಹೇಳಿ.

ಹೆಜ್ಜೆ 8: ಕೆಲಸ ಹುಡುಕುವುದು

ಕೊಡಗಿನೊಳಗೆ ಗೇಮ್ ಸ್ಟುಡಿಯೋ ಕೆಲಸ ನಿರೀಕ್ಷಿಸಬೇಡಿ. ಬೆಂಗಳೂರು ಹತ್ತಿರದ ಕೇಂದ್ರ. 1997ರಲ್ಲಿ ಅಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ದೇಶದ ಹಳೆಯ ಸ್ಟುಡಿಯೋಗಳಲ್ಲಿ ಒಂದು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಜಿಂಗಾ ಕೂಡ ಬೆಂಗಳೂರಿನಲ್ಲಿದೆ. ಪುಣೆ, ಮುಂಬೈಯಲ್ಲಿ ಯೂಬಿಸಾಫ್ಟ್, ಹೈದರಾಬಾದ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಇವೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿ ತಂದಿತು, ಆಮೇಲೆ ಅದನ್ನು ಹೊಸದಾಗಿಸಿದೆ. ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್‌ಗೆ ಒಮ್ಮೆ ಹೋಗಿ. ಮೊಬೈಲ್‌ನಲ್ಲಿ ನಿಮ್ಮ ಆಟ ಇರಲಿ, ಸಿಕ್ಕವರ ಕೈಗೆ ಕೊಡಿ.

ನೇರವಾಗಿ ಹೇಳುತ್ತೇನೆ, ಹೊಸಬರಿಗೆ ‘ಗೇಮ್ ಡಿಸೈನರ್’ ಹೆಸರಿನ ಹುದ್ದೆಗಳು ಕಡಿಮೆ. ಇಲ್ಲಿನ ಎಷ್ಟೋ ಸ್ಟುಡಿಯೋಗಳು ವಿದೇಶಿ ಆಟಗಳಿಗೆ ಚಿತ್ರ, ಅನಿಮೇಷನ್ ಮಾಡಿಕೊಡುತ್ತವೆ. ಅಲ್ಲಿ ಡಿಸೈನ್ ತೀರ್ಮಾನ ಆಗುವುದಿಲ್ಲ. ಹಾಗಾಗಿ ಗೇಮ್‌ಪ್ಲೇ ಪ್ರೋಗ್ರಾಮರ್, ಟೆಸ್ಟರ್, ಜೂನಿಯರ್ ಟೆಕ್ನಿಕಲ್ ಡಿಸೈನರ್ ಬಾಗಿಲಿನಿಂದ ಒಳಗೆ ಹೋಗಿ. ನಿಮಗೆ ಕೋಡ್ ಬರುವುದರಿಂದ ಈ ಬಾಗಿಲು ತೆರೆದಿದೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ಆ ಥರದ ಕಂಪನಿ ಹೆಚ್ಚು ಸಂಬಳ ತೋರಿಸಿದರೂ ಅದನ್ನು ನಂಬಿ ಬದುಕು ಕಟ್ಟಬೇಡಿ.

ಇನ್ನೂ ಓದಬೇಕು ಅನ್ನುವವರಿಗೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಪ್ರವೇಶ ಪರೀಕ್ಷೆ, ಆಮೇಲೆ ಸ್ಟುಡಿಯೋ ಪರೀಕ್ಷೆ, ಸಂದರ್ಶನ. ಚಿತ್ರ ಚೆನ್ನಾಗಿ ಬರದಿದ್ದರೂ ಯೋಚನೆಯನ್ನು ಗೆರೆಯಲ್ಲಿ ತೋರಿಸುವ ಅಭ್ಯಾಸ ಬೇಕು.

ಸ್ವಂತ ಆಟ ಮಾರುವುದಾದರೆ ಖರ್ಚು ತಿಳಿದಿರಲಿ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಬೇಕು. ಮಾರಾಟ 1000 ಡಾಲರ್ ದಾಟಿದರೆ ಅದು ವಾಪಸ್ ಬರುತ್ತದೆ. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್. ಹೊಸ ವೈಯಕ್ತಿಕ ಖಾತೆ ಆದರೆ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಿದ ಮೇಲೆಯೇ ಆಟ ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ನಾಟಕದ ತಂಡ ಇದ್ದವರಿಗೆ ಆ 12 ಜನ ಸಿಗುವುದು ಕಷ್ಟವಲ್ಲ.

ಮೊದಲ ಕೆಲಸದ ಪತ್ರ ಕೈಗೆ ಬಂದಾಗ ಸಂಬಳದ ಸಾಲಿಗೆ ಮಾತ್ರ ಕಣ್ಣು ಹಾಕಬೇಡಿ. ನೀವು ಹಿಂದೆ ಮಾಡಿದ ಆಟಗಳು, ಬಿಡುವಿನಲ್ಲಿ ಬರೆಯುವ ನಾಟಕಗಳು ಕಂಪನಿಯ ಸ್ವತ್ತಾಗುತ್ತವೆಯೇ ಅಂತ ಒಪ್ಪಂದದಲ್ಲಿ ಹುಡುಕಿ. ಹಳೆಯ ಕೆಲಸಗಳ ಪಟ್ಟಿಯನ್ನು ಲಿಖಿತವಾಗಿ ಸೇರಿಸಲು ಕೇಳಿ. ವಾರಾಂತ್ಯದ ರಿಹರ್ಸಲ್, ಪ್ರದರ್ಶನಕ್ಕೆ ಅಡ್ಡಿ ಇಲ್ಲ ಅಂತಲೂ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಿ.